31–0: ಒಂದು ದೇಶದ ತಂಡ ಇಷ್ಟು ಗೋಲು ತಿಂದಿದ್ದು ಹೇಗೆ?

ಪ್ರಶ್ನೆ: ಆಸ್ಟ್ರೇಲಿಯಾ ಒಮ್ಮೆ ಫುಟ್‌ಬಾಲ್‌ನಲ್ಲಿ 31–0 ಅಂತ ಗೆದ್ದಿತ್ತಂತೆ. ನಮ್ಮ ಕಡೆ ಮಳೆಗಾಲದಲ್ಲಿ ಕೆಸರುಗದ್ದೆಯಲ್ಲಿ ಆಡುವಾಗಲೂ ಇಷ್ಟು ಗೋಲು ನೋಡಿಲ್ಲ. ಇದು ನಿಜವಾ? ಗೆಲುವು ಗ್ಯಾರಂಟಿ ಆದ ಮೇಲೂ ಹೊಡೀತಾನೇ ಇರೋದು ಸರಿಯಾ? – ಸುಂಟಿಕೊಪ್ಪದ ಓದುಗರು

ನಿಜ. 2001ರ ಏಪ್ರಿಲ್ 11ರಂದು ಆಸ್ಟ್ರೇಲಿಯಾದ ಕಾಫ್ಸ್ ಹಾರ್ಬರ್‌ನಲ್ಲಿ ಈ ಪಂದ್ಯ ನಡೆಯಿತು. ಎದುರಾಳಿ ಅಮೆರಿಕನ್ ಸಮೋವಾ. ಅದು 2002ರ ವಿಶ್ವಕಪ್‌ಗೆ ಅರ್ಹತಾ ಪಂದ್ಯ, ಸುಮ್ನೆ ಆಡಿದ ಸ್ನೇಹದ ಪಂದ್ಯ ಅಲ್ಲ. ಫಿಫಾ ಲೆಕ್ಕದಲ್ಲಿ ಎರಡು ದೇಶಗಳ ನಡುವಿನ ಪಂದ್ಯದಲ್ಲಿ ಇದಕ್ಕಿಂತ ದೊಡ್ಡ ಗೆಲುವು ಇವತ್ತಿಗೂ ಇಲ್ಲ. 149–0 ಅಂತ ಒಂದು ಸ್ಕೋರ್ ಓಡಾಡುತ್ತಲ್ಲ, ಅದು 2002ರಲ್ಲಿ ಮಡಗಾಸ್ಕರ್‌ನ ಎರಡು ಕ್ಲಬ್‌ಗಳ ನಡುವೆ ಆದದ್ದು. ಅಲ್ಲಿ ಒಂದು ತಂಡ ರೆಫ್ರಿ ಮೇಲಿನ ಸಿಟ್ಟಿಗೆ ತನ್ನದೇ ಗೋಲಿಗೆ ಚೆಂಡು ಹೊಡೆಯುತ್ತಾ ಹೋಯಿತು. ಅದನ್ನು ಇದರ ಜೊತೆ ಸೇರಿಸಬೇಡಿ.

ನನ್ನ ಪ್ರಕಾರ ಈ 31 ಗೋಲುಗಳಲ್ಲಿ ಹೆಚ್ಚಿನವು ಪಂದ್ಯ ಶುರುವಾಗುವ ಮೊದಲೇ ಆಗಿಹೋಗಿದ್ದವು. ಯಾಕೆ ಅಂತ ನೋಡಿ.

ಅಮೆರಿಕನ್ ಸಮೋವಾ ಪೆಸಿಫಿಕ್ ಸಾಗರದಲ್ಲಿರುವ, ಅಮೆರಿಕದ ಆಡಳಿತಕ್ಕೆ ಸೇರಿದ ಪುಟ್ಟ ದ್ವೀಪಗಳ ಗುಂಪು. ಆಗ ಅಲ್ಲಿನ ಜನಸಂಖ್ಯೆ 60 ಸಾವಿರದ ಒಳಗೇ ಇತ್ತು. ನಮ್ಮ ಕೊಡಗಿನ ಜನಸಂಖ್ಯೆಯೇ 2011ರ ಜನಗಣತಿಯಲ್ಲಿ ಐದೂವರೆ ಲಕ್ಷ ದಾಟಿದೆ, ಅದರಲ್ಲೂ ನಮ್ಮದು ರಾಜ್ಯದ ಸಣ್ಣ ಜಿಲ್ಲೆ. ಆ ದ್ವೀಪದವರು ಫಿಫಾ ಸೇರಿದ್ದೇ 1998ರಲ್ಲಿ. ರ‍್ಯಾಂಕಿಂಗ್‌ನಲ್ಲಿ ಎಲ್ಲರಿಗಿಂತ ಕೆಳಗೆ, 203ನೇ ಸ್ಥಾನ.

ಅದರ ಮೇಲೆ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದ ಪಾಸ್‌ಪೋರ್ಟ್ ಇರುವವರು ಮಾತ್ರ ಆಡಬಹುದು ಅಂತ ಫಿಫಾ ಹೇಳಿತು. ಆರಿಸಿದ್ದ ತಂಡದಲ್ಲಿ ಹಾಗೆ ಉಳಿದದ್ದು ಒಬ್ಬನೇ, ಗೋಲ್‌ಕೀಪರ್ ನಿಕಿ ಸಲಾಪು. ಸರಿ, 20 ವರ್ಷದೊಳಗಿನವರ ತಂಡದಿಂದ ಹುಡುಗರನ್ನು ಕರೆಸೋಣ ಅಂದರೆ ಅವರಲ್ಲಿ ಹೆಚ್ಚಿನವರಿಗೆ ಶಾಲೆಯ ಪರೀಕ್ಷೆ. ಕೊನೆಗೆ ಸಿಕ್ಕಿದವರನ್ನು ಸೇರಿಸಿಕೊಂಡು ವಿಮಾನ ಹತ್ತಿದರು. ಅದರಲ್ಲಿ 15 ವರ್ಷದ ಮೂವರು ಹುಡುಗರಿದ್ದರು. ಪೂರ್ತಿ 90 ನಿಮಿಷದ ಪಂದ್ಯವನ್ನು ಯಾವತ್ತೂ ಆಡದವರೂ ಇದ್ದರು. ಹತ್ತನೇ ಕ್ಲಾಸಿನ ಹುಡುಗರನ್ನು ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ನಿಲ್ಲಿಸಿದ ಹಾಗಾಯಿತು ಅಲ್ವಾ?

ಆದರೂ ಮೊದಲ ಒಂಬತ್ತು ನಿಮಿಷ ಒಂದು ಗೋಲೂ ಆಗಲಿಲ್ಲ. ಸಲಾಪು ಚೆನ್ನಾಗಿ ತಡೆದರು. ಹತ್ತನೇ ನಿಮಿಷದಲ್ಲಿ ಕಾರ್ನರ್‌ನಿಂದ ಮೊದಲ ಗೋಲು ಬಂತು. ಆಮೇಲೆ ತಡೆಯೇ ಇಲ್ಲ. ಗೋಲು ತಿಂದ ತಂಡ ಸೆಂಟರ್‌ನಿಂದ ಆಟ ಶುರು ಮಾಡಬೇಕು. ಎರಡು ಪಾಸ್ ಆಗುವಷ್ಟರಲ್ಲಿ ಚೆಂಡು ಕೈತಪ್ಪುತ್ತದೆ. ಎದುರಿನವರು ಪಕ್ಕದಿಂದ ಓಡಿ ಬಂದು ಗೋಲಿನ ಮುಂದಕ್ಕೆ ಹಾಕುತ್ತಾರೆ, ಮತ್ತೆ ಗೋಲು, ಮತ್ತೆ ಸೆಂಟರ್. ಉಳಿದ 80 ನಿಮಿಷಕ್ಕೆ ಲೆಕ್ಕ ಹಾಕಿದರೆ ಸುಮಾರು ಎರಡೂವರೆ ನಿಮಿಷಕ್ಕೊಂದು ಗೋಲು. ಅರ್ಧ ಆಟಕ್ಕೆ 16–0. ಆರ್ಚಿ ಥಾಂಪ್ಸನ್ ಒಬ್ಬರೇ 13 ಗೋಲು ಹೊಡೆದರು, ಡೇವಿಡ್ ಜ್ಡ್ರಿಲಿಕ್ 8. ಒಂದೇ ಅಂತಾರಾಷ್ಟ್ರೀಯ ಪಂದ್ಯದಲ್ಲಿ 10 ಗೋಲು ಅನ್ನುವ ಹಳೆಯ ದಾಖಲೆ 1908ರ ಒಲಿಂಪಿಕ್ಸ್‌ನದ್ದು, ಅದೂ ಅವತ್ತು ಮುರಿಯಿತು. ಲೆಕ್ಕ ಇಡುವವರಿಗೇ ಗೊಂದಲವಾಗಿ ಬೋರ್ಡಿನಲ್ಲಿ 32–0 ಅಂತ ಬಂತು. ಆಮೇಲೆ ಅದನ್ನು 31 ಅಂತ ಸರಿ ಮಾಡಿದರು. ಆಸ್ಟ್ರೇಲಿಯಾದ ಗೋಲ್‌ಕೀಪರ್‌ಗೆ ಮೈಮುರಿದು ಕೆಲಸ ಬಂದದ್ದು 86ನೇ ನಿಮಿಷದಲ್ಲಿ, ಒಂದೇ ಒಂದು ಸಲ.

ಇನ್ನು ಗೆದ್ದ ಮೇಲೂ ಯಾಕೆ ಹೊಡೆದರು ಅನ್ನೋದು. ಕ್ರಿಕೆಟ್‌ನಲ್ಲಿ ಸಾಕು ಅಂತ ಡಿಕ್ಲೇರ್ ಮಾಡಬಹುದು. ಫುಟ್‌ಬಾಲ್‌ನಲ್ಲಿ ಹಾಗಿಲ್ಲ, 90 ನಿಮಿಷ ಆಡಲೇಬೇಕು. ಐದು ತಂಡಗಳ ಆ ಗುಂಪಿನಲ್ಲಿ ಮೊದಲು ಬಂದವರು ಮಾತ್ರ ಮುಂದಕ್ಕೆ ಹೋಗುತ್ತಿದ್ದರು. ಪಾಯಿಂಟ್ ಸಮ ಆದರೆ ಗೋಲುಗಳ ಅಂತರವೇ ಲೆಕ್ಕಕ್ಕೆ ಬರುತ್ತದೆ. ಥಾಂಪ್ಸನ್ ಥರದವರಿಗೆ ಅದು ತಂಡದಲ್ಲಿ ಜಾಗ ಗಟ್ಟಿ ಮಾಡಿಕೊಳ್ಳುವ ಅವಕಾಶವೂ ಹೌದು. ಹ್ಯಾರಿ ಕೆವೆಲ್, ಮಾರ್ಕ್ ವಿಡುಕಾ ಥರದ ದೊಡ್ಡ ಹೆಸರಿನವರು ಅವತ್ತು ಆಡಿರಲಿಲ್ಲ. ಹಾಗಾಗಿ ಹೊಡೆದದ್ದು ಸರಿ ಅಂತಲೇ ನಾನು ಹೇಳುತ್ತೇನೆ. ಪಾಪ ಅಂತ ಚೆಂಡನ್ನು ಅತ್ತಿಂದಿತ್ತ ತಳ್ಳುತ್ತಾ ಟೈಮ್ ಕಳೆದಿದ್ದರೆ ಆ ಹುಡುಗರಿಗೆ ಅದು ಇನ್ನೂ ದೊಡ್ಡ ಅವಮಾನ ಆಗುತ್ತಿತ್ತು. ತಪ್ಪು ಆಡಿದವರದ್ದಲ್ಲ, ಇಬ್ಬರನ್ನೂ ಒಂದೇ ಗುಂಪಿಗೆ ಹಾಕಿದವರದ್ದು. ಎರಡು ದಿನ ಮೊದಲು ಇದೇ ಆಸ್ಟ್ರೇಲಿಯಾ ಟೋಂಗಾವನ್ನು 22–0 ಅಂತ ಸೋಲಿಸಿತ್ತು!

ಕೊಡಗಿನವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಒಂದು ಒಕ್ಕದ (ಮನೆತನದ) ತಂಡದಲ್ಲಿ ಅಜ್ಜ, ಸೊಸೆ, ಶಾಲೆಗೆ ಹೋಗುವ ಹುಡುಗ ಎಲ್ಲರೂ ಇರಬಹುದು. ಎದುರಿಗೆ ದೇಶಕ್ಕೆ ಆಡಿದವರೇ ನಿಂತಿರಬಹುದು. ಅಲ್ಲಿ ಎಷ್ಟು ಗೋಲು ಬಿದ್ದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ. 1997ರಲ್ಲಿ ಕರಡದಲ್ಲಿ ಅದು ಶುರುವಾದದ್ದೇ ಮನೆತನಗಳು ಒಟ್ಟು ಸೇರಲಿ ಅಂತ. ವಿಶ್ವಕಪ್ ಅರ್ಹತಾ ಪಂದ್ಯದ ಉದ್ದೇಶ ಬೇರೆ, ಯಾರು ಬಲಶಾಲಿ ಅಂತ ಅದು ಹೇಳಬೇಕು. 31–0 ಅದನ್ನೂ ಸರಿಯಾಗಿ ಹೇಳಲಿಲ್ಲ. ಅದೇ ಗುಂಪಿನಲ್ಲಿ ಫಿಜಿ ವಿರುದ್ಧ ಆಸ್ಟ್ರೇಲಿಯಾ ಹೊಡೆದದ್ದು ಎರಡೇ ಗೋಲು. ಕೊನೆಗೆ ಉರುಗ್ವೆ ವಿರುದ್ಧ ಮನೆಯಲ್ಲಿ 1–0 ಗೆದ್ದು, ಅಲ್ಲಿ ಹೋಗಿ 3–0 ಸೋತು, 2002ರ ವಿಶ್ವಕಪ್‌ಗೆ ಹೋಗಲೇ ಇಲ್ಲ.

ನಮ್ಮ ಹಾಕಿಯಲ್ಲೂ ಹೀಗೇ ಆಗಿದೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಹಾಂಗ್‌ಕಾಂಗ್ ವಿರುದ್ಧ 26–0 ಗೆದ್ದಿತು. 1932ರ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಮೇಲೆ 24–1 ಗೆದ್ದ ದಾಖಲೆಯನ್ನು ಅದು ಮುರಿಯಿತು. ಸೋಮವಾರಪೇಟೆಯ ಎಸ್.ವಿ. ಸುನಿಲ್ ಆ ತಂಡದಲ್ಲಿದ್ದರು. ಸೆಮಿಫೈನಲ್‌ನಲ್ಲಿ ಮಲೇಷ್ಯಾ ವಿರುದ್ಧ ಶೂಟೌಟ್‌ನಲ್ಲಿ ಸೋತು ಕಂಚಿಗೆ ತೃಪ್ತಿಪಡಬೇಕಾಯಿತು.

ಫುಟ್‌ಬಾಲ್‌ನವರು ಆಮೇಲೆ ವ್ಯವಸ್ಥೆ ಬದಲಿಸಿದರು. ಸಣ್ಣ ದ್ವೀಪಗಳು ಮೊದಲು ತಮ್ಮತಮ್ಮಲ್ಲೇ ಆಡಲಿ, ಗೆದ್ದವರು ಮುಂದೆ ಬರಲಿ ಅಂತ ಪ್ರಾಥಮಿಕ ಸುತ್ತು ಮಾಡಿದರು. 2006ರಲ್ಲಿ ಆಸ್ಟ್ರೇಲಿಯಾ ಈ ದ್ವೀಪಗಳಿರುವ ಓಷಿಯಾನಿಯಾ ಫುಟ್‌ಬಾಲ್ ಒಕ್ಕೂಟವನ್ನೇ ಬಿಟ್ಟು ಏಷ್ಯಾದ ಒಕ್ಕೂಟಕ್ಕೆ ಸೇರಿತು. ಅಂಥದ್ದೇ ಒಂದು ಪ್ರಾಥಮಿಕ ಸುತ್ತಿನಲ್ಲಿ, 2011ರ ನವೆಂಬರ್ 22ರಂದು, ಅಮೆರಿಕನ್ ಸಮೋವಾ ಟೋಂಗಾವನ್ನು 2–1ರಿಂದ ಸೋಲಿಸಿತು. ಫಿಫಾ ಸೇರಿದ ಮೇಲೆ ಅವರ ಮೊದಲ ಗೆಲುವು ಅದು. ಗೋಲಿನಲ್ಲಿ ನಿಂತಿದ್ದವರು ಅದೇ ನಿಕಿ ಸಲಾಪು. ಮುಂದಿನ ಪಂದ್ಯ ಕುಕ್ ದ್ವೀಪಗಳ ವಿರುದ್ಧ 1–1 ಸಮ ಆಯಿತು. ಕೊನೆಯದ್ದರಲ್ಲಿ ಪಕ್ಕದ ಬೇರೆ ದೇಶ ಸಮೋವಾ ಎದುರು ಸೋತರು, ಅಂತರ ಒಂದೇ ಗೋಲು.