ಸಿಹಿ ತಿಂದದ್ದಕ್ಕೆ ಶುಗರ್ ಬಂತಾ, ಸಿಸ್ಟರ್?

ಪ್ರಶ್ನೆ: ನಾನು ಸೋಮವಾರಪೇಟೆ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಮೂರನೇ ಕ್ಲಾಸಿನ ಹುಡುಗನೊಬ್ಬನಿಗೆ ದಸರಾ ರಜೆಯಲ್ಲಿ ಶುಗರ್ ಇದೆ ಅಂತ ಗೊತ್ತಾಯಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದು ಈಗ ಶಾಲೆಗೆ ಬರುತ್ತಿದ್ದಾನೆ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಅಂತೆ. 'ತಾಯಿ ಸಿಹಿ ತಿನ್ನಿಸಿ ತಿನ್ನಿಸಿಯೇ ಹೀಗಾಯಿತು' ಎಂದು ಊರವರೆಲ್ಲ ಆಡಿಕೊಳ್ಳುತ್ತಿದ್ದಾರೆ. ಅದು ನಿಜವೇ ಸಿಸ್ಟರ್? ಇದು ಆ ಮನೆಯವರು ಮತ್ತು ಡಾಕ್ಟರು ನೋಡಿಕೊಳ್ಳುವ ವಿಷಯವೋ, ನಾವೂ ತಿಳಿದಿರಬೇಕಾದದ್ದು ಏನಾದರೂ ಇದೆಯೋ? ನವೆಂಬರ್ 14ಕ್ಕೆ ಮಕ್ಕಳಿಗೆಲ್ಲ ಲಾಡು ಹಂಚುತ್ತೇವೆ. ಆ ದಿನ ಇವನೊಬ್ಬನಿಗೆ ಏನು ಮಾಡಲಿ?

ಉತ್ತರ: ಟೀಚರ್, ಮೊದಲ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಿಹಿ ತಿಂದದ್ದಕ್ಕೆ ಅವನಿಗೆ ಇದು ಬಂದಿಲ್ಲ. ತಾಯಿ ಏನನ್ನೋ ತಿನ್ನಿಸಿದ್ದಕ್ಕೂ ಅಲ್ಲ, ತಿನ್ನಿಸದೆ ಇದ್ದದ್ದಕ್ಕೂ ಅಲ್ಲ. ನಾಳೆ ಆ ತಾಯಿ ಶಾಲೆಯ ಗೇಟಿನ ಹತ್ತಿರ ಸಿಕ್ಕಿದರೆ ದಯವಿಟ್ಟು ಈ ಮಾತನ್ನು ನೀವೇ ಅವರಿಗೆ ಹೇಳಿ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದ ವರ್ಷಗಳಲ್ಲಿ ಇಂಥ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಮಗುವಿಗೆ ಸೂಜಿ ಚುಚ್ಚುವುದನ್ನು ಒಂದೇ ವಾರದಲ್ಲಿ ಕಲಿತುಬಿಡುತ್ತಾರೆ. 'ನನ್ನಿಂದಲೇ ಆಯಿತು' ಎಂಬುದನ್ನು ಮಾತ್ರ ವರ್ಷಗಟ್ಟಲೆ ಹೊತ್ತುಕೊಂಡಿರುತ್ತಾರೆ.

ಗೊಂದಲಕ್ಕೆ ಕಾರಣ ಹೆಸರು. ನಿಮ್ಮ ಶಾಲೆಯ ಆಸುಪಾಸಿನ ಅಜ್ಜ ಅಜ್ಜಿಯರಿಗೆ, ನಡುವಯಸ್ಸಿನವರಿಗೆ ಬರುವುದು ಟೈಪ್ ಎರಡು. ಅಲ್ಲಿ ದೇಹದಲ್ಲಿ ಇನ್ಸುಲಿನ್ ಇರುತ್ತದೆ, ಕೆಲಸ ಸರಿಯಾಗಿ ನಡೆಯುವುದಿಲ್ಲ. ತೂಕ, ತಿನ್ನುವ ಅಭ್ಯಾಸ, ಮೈಬಗ್ಗಿಸದ ಜೀವನ, ವಂಶ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ. ನಿಮ್ಮ ಹುಡುಗನದು ಟೈಪ್ ಒಂದು. ನೆಗಡಿ, ಜ್ವರದ ರೋಗಾಣುಗಳನ್ನು ಹೊಡೆದೋಡಿಸಬೇಕಾದ ಅವನ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳ ಮೇಲೆ ಬಿದ್ದು ಅವನ್ನು ನಾಶ ಮಾಡಿದೆ. ಅನುವಂಶೀಯತೆಯ ಪಾಲು ಸ್ವಲ್ಪ ಇದೆ. ಆದರೂ ಈ ಮಕ್ಕಳಲ್ಲಿ ಹೆಚ್ಚಿನವರ ಮನೆಯಲ್ಲಿ ಬೇರೆ ಯಾರಿಗೂ ಈ ಟೈಪ್ ಇರುವುದಿಲ್ಲ. 'ನಮ್ಮ ಮನೆತನದಲ್ಲೇ ಇಲ್ಲ, ನಮಗೆ ಬರಲ್ಲ' ಎಂದು ಯಾರೂ ಸುಮ್ಮನೆ ಕೂರುವ ಹಾಗಿಲ್ಲ.

ಇನ್ಸುಲಿನ್ ಇಲ್ಲದೆ ಹೋದರೆ ಏನಾಗುತ್ತದೆ? ಪತ್ತಾಯದ ತುಂಬ ಭತ್ತ ಇದೆ, ಬಾಗಿಲು ತೆಗೆಯುವವರಿಲ್ಲ, ಮನೆಮಂದಿ ಉಪವಾಸ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶದ ಒಳಗೆ ಹೋಗುವುದಿಲ್ಲ. ಹೆಚ್ಚಾದ ಸಕ್ಕರೆ ನೀರನ್ನೂ ಎಳೆದುಕೊಂಡು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಅದಕ್ಕೇ ಪದೇ ಪದೇ ಮೂತ್ರ, ಅದಕ್ಕೇ ತೀರದ ಬಾಯಾರಿಕೆ. ಹಸಿದ ದೇಹ ಆಮೇಲೆ ತನ್ನದೇ ಕೊಬ್ಬನ್ನು ಉರಿಸಲು ಶುರುಮಾಡುತ್ತದೆ. ಸೌದೆ ಇಲ್ಲವೆಂದು ಮನೆಯ ತೊಲೆ ಕಿತ್ತು ಒಲೆಗೆ ಹಾಕಿದ ಹಾಗೆ. ಆ ಉರಿಯ ಹೊಗೆಯೇ ಕೀಟೋನ್. ಅದು ರಕ್ತವನ್ನು ಆಮ್ಲವಾಗಿಸುತ್ತದೆ. ಡಾಕ್ಟರುಗಳು ಡಿಕೆಎ (ಡಯಾಬಿಟಿಕ್ ಕೀಟೋಅಸಿಡೋಸಿಸ್) ಎನ್ನುವ ಸ್ಥಿತಿ ಇದು. ಇಲ್ಲಿಗೆ ಬಂದ ಮಗುವಿನ ಜೀವ ಗಂಟೆಗಳ ಲೆಕ್ಕದಲ್ಲಿರುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ನಾನು ಈ ಉತ್ತರ ಬರೆಯಲು ಕೂತದ್ದೇ ಅದಕ್ಕಾಗಿ.

ಕೊಡಗಿನ ಜುಲೈ ತಿಂಗಳು ನೆನಪು ಮಾಡಿಕೊಳ್ಳಿ. ಸೂರ್ಯನ ಮುಖ ಕಾಣದೆ ವಾರ ಕಳೆದಿರುತ್ತದೆ, ಒಗೆದ ಬಟ್ಟೆ ಒಲೆಯ ಮೇಲೆ ಒಣಗುತ್ತಿರುತ್ತದೆ. ಆ ಚಳಿಯಲ್ಲಿ ನಾವು ಯಾರಾದರೂ ಬೇಕೆಂದು ನೀರು ಕುಡಿಯುತ್ತೇವೆಯೇ? ಬಿಸಿ ಬಿಸಿ ಕಾಫಿ ಬಿಟ್ಟರೆ ಬೇರೇನೂ ಬೇಡ. ಅಂಥ ಒಂದು ಜುಲೈಯಲ್ಲಿ, ತೋಟದ ಲೈನ್ ಮನೆಯ ಆರು ವರ್ಷದ ಹುಡುಗಿ ರಾತ್ರಿ ಎದ್ದೆದ್ದು ಚೊಂಬು ಚೊಂಬು ನೀರು ಕುಡಿಯುತ್ತಿದ್ದಳು. ಎರಡು ವರ್ಷದ ಹಿಂದೆಯೇ ಬಿಟ್ಟಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿತ್ತು. 'ಮಳೆ ಚಳಿಗೆ ಹಾಗೇ' ಅಂದುಕೊಂಡ ತಾಯಿ ಎರಡು ಪೆಟ್ಟು ಕೊಟ್ಟು ಸುಮ್ಮನಾದರು. ಶಾಲೆಯಲ್ಲಿ ಪದೇ ಪದೇ ಹೊರಗೆ ಹೋಗಲು ಕೇಳಿದ್ದಕ್ಕೆ ಅಲ್ಲೂ ಬೈಗುಳ. ಫ್ರಾಕು ಸಡಿಲವಾದದ್ದನ್ನು ಪಕ್ಕದ ಮನೆಯವರು ಗಮನಿಸಿ 'ಹುಳ ಇರಬೇಕು, ಔಷಧಿ ಕೊಡು' ಅಂದಿದ್ದರು. ಮೂರನೇ ವಾರ ವಾಂತಿ, ಹೊಟ್ಟೆನೋವು. ಒಂದು ಕ್ಲಿನಿಕ್ಕಿನಲ್ಲಿ ಅಜೀರ್ಣ ಅಂದರು. ಮರುದಿನ ಏದುಸಿರು ಕಂಡಾಗ ಕಫ ಕಟ್ಟಿದೆ ಅಂದರು. ಮಗು ಸೋತಿದೆಯೆಂದು ಮನೆಯವರೇ ಗ್ಲೂಕೋಸ್ ಪುಡಿ ಕಲಸಿ ಕಲಸಿ ಕುಡಿಸಿದರು. ನಮ್ಮ ಹತ್ತಿರ ತಂದಾಗ ಅವಳಿಗೆ ಅರೆಪ್ರಜ್ಞೆ, ಬಾಯಿಂದ ಕಳಿತ ಹಣ್ಣಿನ ವಾಸನೆ. ಬೆರಳಿನ ತೊಟ್ಟು ರಕ್ತ ಇಟ್ಟರೆ ಗ್ಲೂಕೋಮೀಟರಿನಲ್ಲಿ ಅಂಕಿಯೇ ಬರಲಿಲ್ಲ, 'ಹೈ' ಎಂದಷ್ಟೇ ತೋರಿಸಿತು. ಅಳತೆ ಮೀರಿ ಹೋದಾಗ ಅದು ಹಾಗೆ ತೋರಿಸುತ್ತದೆ. ಆ ಮಳೆಯಲ್ಲಿ ಘಾಟಿಯಿಳಿದು ಆಂಬುಲೆನ್ಸ್ ಮೈಸೂರು ಸೇರುವವರೆಗೆ ನಾನು ಅವಳ ಕೈ ಬಿಟ್ಟಿರಲಿಲ್ಲ. ಬದುಕಿಕೊಂಡಳು.

ಆ ಮೂರು ವಾರಗಳಲ್ಲಿ ಅವಳನ್ನು ನೋಡಿದವರು ಯಾರು ಯಾರು ಹೇಳಿ? ತಾಯಿ, ಟೀಚರ್, ಪಕ್ಕದ ಮನೆಯವರು, ಜೊತೆಯ ಮಕ್ಕಳು. ಇವರಲ್ಲಿ ಮೊದಲೇ ಶುಗರ್ ಪತ್ತೆಯಾಗಿದ್ದ ಮಗುವಿನ ಮನೆಯವರು ಒಬ್ಬರೂ ಇರಲಿಲ್ಲ. ಈ ಕಾಯಿಲೆಯ ಬಗ್ಗೆ ಗೊತ್ತಿರುವವರು ಅದನ್ನು ಆಗಲೇ ಅನುಭವಿಸುತ್ತಿರುವವರು ಮಾತ್ರ. ಗೊತ್ತಿರಬೇಕಾದವರು ಉಳಿದ ನಾವೆಲ್ಲ. ಅದಕ್ಕೇ ಇದು 'ಆ ಮನೆಯವರ ವಿಷಯ' ಅಲ್ಲ, ಟೀಚರ್.

ನಮ್ಮ ಕೊಡಗಿನಲ್ಲಿ ಇನ್ನೊಂದಿದೆ. ಮಳೆಗಾಲದ ಆಟಿ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಯಿತೋ ಇಲ್ಲವೋ ಎಂದು ಮನೆಮಂದಿಯೆಲ್ಲ ಸಂಕೋಚವಿಲ್ಲದೆ ಮಾತಾಡಿಕೊಳ್ಳುತ್ತೇವೆ. ದೊಡ್ಡ ಮಗು ಹಾಸಿಗೆ ಒದ್ದೆ ಮಾಡಿದರೆ ಮಾತ್ರ ಅದು ಮುಚ್ಚಿಡಬೇಕಾದ ನಾಚಿಕೆ. ಮೂತ್ರ ಮಾಡಿದ ಕಡೆ ಇರುವೆ ಮುತ್ತಿದ್ದನ್ನು ಕಂಡ ಅಜ್ಜಿ ಕೂಡ ಬಾಯಿ ಬಿಡುವುದಿಲ್ಲ.

ನೀವು ನೋಡಬೇಕಾದದ್ದು ಇಷ್ಟೇ: ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ತಿಂದರೂ ಇಳಿಯುವ ತೂಕ, ಕಾರಣವಿಲ್ಲದ ಸುಸ್ತು. ಒಮ್ಮೆ ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ ಅದೊಂದೇ ಸಾಕು, ಬೇರೆ ಲಕ್ಷಣಕ್ಕೆ ಕಾಯಬೇಡಿ. ಅದೇ ದಿನ ಬೆರಳು ಚುಚ್ಚಿ ರಕ್ತ ಪರೀಕ್ಷೆ ಮಾಡಿಸಿ. 'ಮುಂದಿನ ವಾರ ಸಂತೆಗೆ ಹೋದಾಗ ನೋಡೋಣ' ಎನ್ನುವ ಕಾಯಿಲೆ ಅಲ್ಲ ಇದು. ಇಂಥ ಲಕ್ಷಣಗಳ ಜೊತೆ ಯಾವ ಹೊತ್ತಿನಲ್ಲಿ ನೋಡಿದರೂ ರಕ್ತದ ಸಕ್ಕರೆ 200 (ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಅದು ಮಧುಮೇಹ, ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗ್ಲೂಕೋಮೀಟರ್ ಇರುತ್ತದೆ. ಆದರೆ ಸರ್ಕಾರದ ಮಧುಮೇಹ ತಪಾಸಣೆ 30 ವರ್ಷ ದಾಟಿದವರಿಗಾಗಿ ರೂಪಿಸಿದ್ದು, ಹಾಗಾಗಿ ಮಗುವಿನ ಬೆರಳು ಚುಚ್ಚುವುದು ಯಾರಿಗೂ ತಾನಾಗಿ ಹೊಳೆಯುವುದಿಲ್ಲ. ಬಾಯಿಬಿಟ್ಟು ಕೇಳಬೇಕು: 'ಇವನ ಶುಗರ್ ಒಂದು ಸಲ ನೋಡಿಬಿಡಿ.' ವಾಂತಿಯಾಗಿ ಸೋತ ಮಗುವಿಗೆ 'ಒಂದು ಬಾಟಲಿ ಗ್ಲೂಕೋಸ್ ಹಾಕಿಬಿಡಿ' ಎಂದು ಕೇಳುವ ಮೊದಲೂ ಇದೇ ಮಾತು.

ಗೊತ್ತು ಮಾಡಿಸಿದರೆ ನಿಜವಾಗಿ ಉಪಯೋಗ ಆಗುತ್ತದೆಯೇ ಎಂದು ಯಾರಾದರೂ ಕೇಳಿದರೆ ಇಟಲಿಯ ಪಾರ್ಮಾ ಪ್ರಾಂತ್ಯದ ಕಥೆ ಹೇಳಿ. 1991ರಿಂದ ಅಲ್ಲಿನ ಶಾಲೆಗಳಲ್ಲಿ, ಮಕ್ಕಳ ಡಾಕ್ಟರುಗಳ ಕೋಣೆಗಳಲ್ಲಿ ಒಂದು ಪೋಸ್ಟರ್ ಅಂಟಿಸಿದರು. ನಿಂತಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾದರೆ ಎಚ್ಚರ ಎಂಬುದು ಅದರ ಮುಖ್ಯ ಮಾತು. ಅದಕ್ಕೆ ಮೊದಲು ಹೊಸದಾಗಿ ಪತ್ತೆಯಾಗುತ್ತಿದ್ದ ಮಕ್ಕಳಲ್ಲಿ ನೂರಕ್ಕೆ 78 ಮಂದಿ ಡಿಕೆಎ ಆಗಿಯೇ ಆಸ್ಪತ್ರೆಗೆ ಬರುತ್ತಿದ್ದರು. ನಂತರದ ವರ್ಷಗಳಲ್ಲಿ ಅದು ನೂರಕ್ಕೆ 12.5ಕ್ಕೆ ಇಳಿಯಿತು. ಹೊಸ ಔಷಧಿ ಬಂದದ್ದಲ್ಲ, ಹೊಸ ಯಂತ್ರ ಬಂದದ್ದಲ್ಲ. ನಮ್ಮ ಶಾಲೆ, ಅಂಗನವಾಡಿಗಳ ಗೋಡೆಗಳಲ್ಲಿ, ತೋಟಗಳಲ್ಲಿ ಕೂಲಿ ಕೊಡುವ ಕಟ್ಟೆಯ ಹತ್ತಿರ ಅಂಥದ್ದೊಂದು ಹಾಳೆ ಅಂಟಿಸಲು ಯಾವ ಅನುದಾನವೂ ಬೇಕಿಲ್ಲ. ನಿಮ್ಮ ಐದನೇ ಕ್ಲಾಸಿನ ಮಕ್ಕಳು ಚಿತ್ರ ಬರೆದುಕೊಟ್ಟಾರು.

ಈಗ ನಿಮ್ಮ ಹುಡುಗನ ವಿಷಯ. ಅವನಿಗೆ ಇನ್ಸುಲಿನ್ ಎಂದರೆ ಅನ್ನದಷ್ಟೇ ಅಗತ್ಯ, ಮಾತ್ರೆಯಲ್ಲಿ ಕೊಡಲು ಬರುವುದಿಲ್ಲ, ಒಂದು ದಿನವೂ ನಿಲ್ಲಿಸುವಂತಿಲ್ಲ. ನಾಟಿ ಔಷಧಿಯಿಂದ ವಾಸಿ ಮಾಡುತ್ತೇವೆ, ಸೂಜಿ ಬಿಟ್ಟುಬಿಡಿ ಎನ್ನುವವರು ಆ ಮನೆಗೆ ಆಗಲೇ ಬಂದು ಹೋಗಿರುತ್ತಾರೆ, ನನಗೆ ಗೊತ್ತು. ಮದ್ದು ಸೊಪ್ಪು ವರ್ಷಕ್ಕೊಮ್ಮೆ ತಿನ್ನಲಿ, ಸಂತೋಷ. ಇನ್ಸುಲಿನ್ ಬದಲಿಗೆ ಮಾತ್ರ ಯಾವ ಸೊಪ್ಪೂ ಇಲ್ಲ. ಈ ಮಾತಿನಲ್ಲಿ ನಾನು ಕಠಿಣ, ಯಾಕೆಂದರೆ ಸೂಜಿ ನಿಲ್ಲಿಸಿದ ಮಕ್ಕಳು ಮತ್ತೆ ಡಿಕೆಎ ಆಗಿಯೇ ಬರುತ್ತಾರೆ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಇನ್ಸುಲಿನ್ ಕೆಡುತ್ತದೆಂಬ ಭಯ ತಾಯಿಗಿದ್ದರೆ, ಬಳಸುತ್ತಿರುವ ಬಾಟಲಿ ನಮ್ಮ ಊರಿನ ತಂಪಿನಲ್ಲಿ ಹೊರಗಿದ್ದರೂ ಸುಮಾರು ನಾಲ್ಕು ವಾರ ಬರುತ್ತದೆ. ಒಲೆಯ ಹತ್ತಿರ, ಬಿಸಿಲಿನಲ್ಲಿ, ಫ್ರೀಜರಿನಲ್ಲಿ ಇಡಬಾರದು ಅಷ್ಟೇ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳೇ ಇಲ್ಲವಾದದ್ದನ್ನು ಕಂಡವರು ನಾವು. ಮೇ ಕೊನೆಯೊಳಗೆ ಒಂದು ತಿಂಗಳಿನದ್ದು ಹೆಚ್ಚಾಗಿ ತಂದಿಟ್ಟುಕೊಳ್ಳಲು ಅವರಿಗೆ ಹೇಳಿ.

ಶಾಲೆಯಲ್ಲಿ ನೀವು ಹೆದರಬೇಕಾದದ್ದು ಸಕ್ಕರೆ ಏರುವುದಕ್ಕಲ್ಲ, ಇಳಿಯುವುದಕ್ಕೆ. ಇನ್ಸುಲಿನ್ ತೆಗೆದುಕೊಂಡು ಊಟ ತಡವಾದರೆ, ಆಟ ಹೆಚ್ಚಾದರೆ 70ಕ್ಕಿಂತ ಕೆಳಗೆ ಹೋಗಬಹುದು. ಆಗ ಕೈ ನಡುಗುತ್ತದೆ, ಮುಖ ಬಿಳಿಚುತ್ತದೆ, ಸುಮ್ಮಸುಮ್ಮನೆ ಸಿಟ್ಟು, ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ. ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಕೂತಲ್ಲೇ ಬೆವರುವ ಮಗು ಕಂಡರೆ ಎರಡನೇ ಯೋಚನೆ ಬೇಡ. ಮೂರು ಟೀ ಚಮಚ ಸಕ್ಕರೆ ಸ್ವಲ್ಪ ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷದಲ್ಲಿ ಸರಿಯಾಗದಿದ್ದರೆ ಮತ್ತೊಮ್ಮೆ. ಚೇತರಿಸಿದ ಮೇಲೆ ಬಿಸ್ಕೆಟ್ಟೋ ಅಕ್ಕಿ ರೊಟ್ಟಿಯೋ ಏನಾದರೂ ತಿನ್ನಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ. ಒಬ್ಬನನ್ನೇ ಮನೆಗೆ ಕಳಿಸಬೇಡಿ. ಸಕ್ಕರೆ ಡಬ್ಬಿ ಬಿಸಿಯೂಟದ ಅಡುಗೆಮನೆಯಲ್ಲಿ ಬೀಗದೊಳಗೆ ಇರುವುದಲ್ಲ, ನಿಮ್ಮ ಮೇಜಿನ ಮೇಲಿರಲಿ. ಅಡುಗೆಯವರಿಗೂ ಆಟದ ಮೇಷ್ಟ್ರಿಗೂ ಗೊತ್ತಿರಲಿ.

ಹೊರಗೆ ಹೋಗಲು ಅವನು ಕೇಳಿದಾಗೆಲ್ಲ ಬಿಡಿ. ಬೆರಳು ಚುಚ್ಚಿ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು ಸ್ವಚ್ಛವಾದ ಒಂದು ಮೂಲೆ ಕೊಡಿ, ಶೌಚಾಲಯಕ್ಕೆ ಕಳಿಸಬೇಡಿ. ಸಿಬಿಎಸ್‌ಇಯವರು 2017ರಲ್ಲೇ ಇಂಥ ಮಕ್ಕಳು ಬೋರ್ಡ್ ಪರೀಕ್ಷೆಯ ಕೋಣೆಗೆ ಚಾಕಲೇಟು, ಹಣ್ಣು, ನೀರು ಒಯ್ಯಲು ಅವಕಾಶ ಕೊಟ್ಟರು. ಮೂರನೇ ಕ್ಲಾಸಿನ ಕಿರುಪರೀಕ್ಷೆಗೆ ನೀವು ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ. ಹಾಕಿ ಆಡಿಸಿ, ಓಡಿಸಿ. ಪಾಕಿಸ್ತಾನದ ವಾಸಿಂ ಅಕ್ರಂ ಅವರಿಗೆ ಟೈಪ್ ಒಂದು ಪತ್ತೆಯಾದದ್ದು 1997ರಲ್ಲಿ. ಆಮೇಲೂ ವರ್ಷಗಳ ಕಾಲ ಅವರು ದೇಶಕ್ಕೆ ಬೌಲಿಂಗ್ ಮಾಡಿದರು. ಇದು ಅಂಟುವ ಕಾಯಿಲೆಯಲ್ಲ ಎಂದು ಕ್ಲಾಸಿನ ಮಕ್ಕಳಿಗೆ ಹೇಳಿ. ದೊಡ್ಡವರು ಅಡ್ಡಿ ಬರದಿದ್ದರೆ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ. ಹೆಣ್ಣು ಮಗುವಾಗಿದ್ದರೆ ಮನೆಯವರು ಮದುವೆಯ ಚಿಂತೆಯಲ್ಲಿ ಶಾಲೆಗೂ ಹೇಳದೆ ಮುಚ್ಚಿಡುತ್ತಾರೆ, ಆಗ ಸಕ್ಕರೆ ಇಳಿದು ಬಿದ್ದರೆ ಏನೆಂದು ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಹುಡುಗನ ತಾಯಿ ಹೇಳಿದ್ದಾರೆ. ಅದು ಅವರು ನಿಮ್ಮ ಮೇಲೆ ಇಟ್ಟ ನಂಬಿಕೆ.

ಕೊನೆಗೆ ಲಾಡು. ನವೆಂಬರ್ 14 ಮಕ್ಕಳ ದಿನ ಮಾತ್ರವಲ್ಲ, ವಿಶ್ವ ಮಧುಮೇಹ ದಿನವೂ ಹೌದು, ನಿಮಗೆ ಗೊತ್ತಿತ್ತೇ? ಅದು ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ. ಅವರು ಮತ್ತು ಜೊತೆಗಾರರು ಟೊರಾಂಟೋದಲ್ಲಿ ಬೇರ್ಪಡಿಸಿದ ಇನ್ಸುಲಿನ್ನನ್ನು 1922ರ ಜನವರಿ 11ರಂದು ಮೊದಲ ಬಾರಿಗೆ ಹದಿನಾಲ್ಕು ವರ್ಷದ ಒಬ್ಬ ಹುಡುಗನಿಗೆ ಚುಚ್ಚಿದರು. ಅಲ್ಲಿಯವರೆಗೆ ಈ ಕಾಯಿಲೆಯ ಮಕ್ಕಳನ್ನು ಅರೆಹೊಟ್ಟೆ ಇಟ್ಟು ಸಾವನ್ನು ಕೆಲವು ತಿಂಗಳು ಮುಂದೂಡುವುದು ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಬ್ಯಾಂಟಿಂಗ್ ತಂಡದವರು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು.

ಹಾಗಾಗಿ ಆ ದಿನ ಅವನಿಗೂ ಲಾಡು ಕೊಡಿ, ಎಲ್ಲರ ಸಾಲಿನಲ್ಲೇ. ಹಿಂದಿನ ದಿನ ತಾಯಿಗೆ ಒಂದು ಫೋನ್ ಮಾಡಿ ಲಾಡು ಎಷ್ಟು ದೊಡ್ಡದು, ಎಷ್ಟು ಹೊತ್ತಿಗೆ ಹಂಚುತ್ತೀರಿ ಎಂದು ತಿಳಿಸಿ. ಬಿಸಿಯೂಟದ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು, ಊಟದ ಇನ್ಸುಲಿನ್ ಲೆಕ್ಕದಲ್ಲೇ ಅವರು ಅದನ್ನೂ ಸೇರಿಸಿಕೊಳ್ಳಬಹುದು. ಅವನೊಬ್ಬನಿಗೆ ಬೇರೆ ಎಂದು ಬಿಸ್ಕೆಟ್ ಪ್ಯಾಕೆಟ್ ತರಬೇಡಿ.