ಯಾನ್ಯಿ ಹಬ್ಬದ ಚೀಸ್ ಅಂದರೆ ಜೀರಿಗೆ ಹಾಕಿದ ಪನೀರ್ ತಾನೇ?

ಪ್ರಶ್ನೆ: ಲಾಟ್ವಿಯಾದ ರಾಜಧಾನಿ ರಿಗಾದಲ್ಲಿ ಓದುತ್ತಿರುವ ಮಗಳನ್ನು ಗೆಳತಿಯ ಮನೆಯವರು ಅಲ್ಲಿನ ನಡುಬೇಸಿಗೆಯ ಹಬ್ಬವಾದ ಯಾನ್ಯಿಗೆ ತಮ್ಮ ಹಳ್ಳಿಗೆ ಕರೆದಿದ್ದಾರೆ. ಅಲ್ಲಿ ಮಾಡುವ ಚೀಸ್ ನಮ್ಮ ಪನೀರ್‌ಗೆ ಜೀರಿಗೆ ಸೇರಿಸಿದ್ದು ಅಷ್ಟೇ ಅಲ್ಲವೇ? ಮಾಡುವ ಬಗೆ ತಿಳಿಸಿ.

ಉತ್ತರ: ಜೂನ್ ಬಂತೆಂದರೆ ಈ ಪ್ರಶ್ನೆ ಬರುತ್ತದೆ, ಹಿಂದೆಯೇ ‘ಪನೀರ್ ತಾನೇ’ ಎಂಬ ಮಾತೂ ಬರುತ್ತದೆ. ಅಲ್ಲ. ಪನೀರೂ ಅಲ್ಲ, ಅದರಲ್ಲಿರುವುದು ಜೀರಿಗೆಯೂ ಅಲ್ಲ. ಎಷ್ಟು ಸಲ ಹೇಳಿದರೂ ಹೋಗದ ತಪ್ಪು ಕಲ್ಪನೆ ಇದು, ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ಪನೀರ್‌ಗೆ ಕುದಿಯುವ ಹಾಲಿಗೆ ನಿಂಬೆರಸ ಹಿಂಡುತ್ತೇವೆ, ಒಡೆದದ್ದನ್ನು ಸೋಸಿ ಒತ್ತುತ್ತೇವೆ, ಮುಗಿಯಿತು. ಲಾಟ್ವಿಯಾದ ‘ಯಾನ್ಯು ಸಿಯೆರ್ಸ್’ ಎರಡು ಸಲ ಒಲೆಯ ಮೇಲೆ ಬೇಯುತ್ತದೆ. ಮೊದಲ ಸಲ ಹಾಲನ್ನು ಒಡೆಸುವುದು ನಿಂಬೆಯಲ್ಲ, ಹುಳಿ ಬಂದ ಹಾಲನ್ನು ಬಿಸಿ ಮಾಡಿ ನೀರು ಬಸಿದ ಉದುರು ಗಿಣ್ಣು. ಅಲ್ಲಿನ ಅಂಗಡಿಗಳಲ್ಲಿ ‘ಬಿಯೆಸ್‌ಪಿಯೆನ್ಸ್’ ಅಂದರೆ ಕೊಡುತ್ತಾರೆ. ಎರಡನೇ ಸಲ, ಸೋಸಿದ್ದನ್ನು ಬೆಣ್ಣೆ, ಮೊಟ್ಟೆಯ ಜೊತೆ ಮತ್ತೆ ಪಾತ್ರೆಗೆ ಹಾಕಿ ತಿರುವುತ್ತಾರೆ. ಈ ಹದವಾದ ಬಿಸಿಯಲ್ಲಿ ಹರಳುಗಳು ಮೆತ್ತಗಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಬೆಣ್ಣೆ ಅವುಗಳ ನಡುವೆ ಸೇರಿಕೊಳ್ಳುತ್ತದೆ. ಚಾಕು ಹಾಕಿ ನೋಡಿ: ಪನೀರ್ ತೆಳುವಾಗಿ ಕತ್ತರಿಸಿದರೆ ಅಂಚು ಉದುರುತ್ತದೆ. ಇದು ತಿಳಿಹಳದಿ ಬಣ್ಣದ, ನುಣ್ಣಗಿನ, ಸ್ವಲ್ಪ ಬಾಗುವ ಹೋಳಾಗಿ ಬರುತ್ತದೆ.

ಇನ್ನು ಜೀರಿಗೆ. ಅಲ್ಲಿ ಹಾಕುವುದು ಕ್ಯಾರವೇ, ನಮ್ಮಲ್ಲಿ ಸೀಮೆ ಜೀರಿಗೆ ಅನ್ನುತ್ತಾರೆ. ಕಾಳು ನೋಡಲು ಜೀರಿಗೆಯ ಹಾಗೇ ಇರುತ್ತದೆ, ಸ್ವಲ್ಪ ಕಪ್ಪು, ಸ್ವಲ್ಪ ಬಾಗಿದ್ದು. ವಾಸನೆ ಮಾತ್ರ ಬೇರೆಯೇ. ಕ್ಯಾರವೇಯ ಘಮ ಕಾರ್ವೋನ್ ಎಂಬ ಅಂಶದ್ದು, ಜೀರಿಗೆಯದು ಕ್ಯೂಮಿನಾಲ್ಡಿಹೈಡ್‌ನದು. ಜೀರಿಗೆ ಹಾಕಿದರೆ ಒಗ್ಗರಣೆಯ ವಾಸನೆ ಬರುತ್ತದೆಯೇ ಹೊರತು ಯಾನ್ಯಿಯ ವಾಸನೆಯಲ್ಲ. ಕರಿಜೀರಿಗೆ ಅಂತೂ ಬೇಡವೇ ಬೇಡ. ರಿಗಾದಲ್ಲಿ ‘ಕ್ಯಿಮೆನೆಸ್’ ಎಂದು ಕೇಳಿದರೆ ಸಾಕು.

ಅಳತೆ: ಒಣಗಿದಂತಿರುವ ಉದುರು ಗಿಣ್ಣು 1 ಕೆಜಿ, ಕೆನೆಭರಿತ ಹಾಲು 3 ಲೀಟರ್, ಬೆಣ್ಣೆ 100 ಗ್ರಾಂ, ಮೊಟ್ಟೆ 3, ಉಪ್ಪು 2 ಟೀ ಚಮಚ, ಕ್ಯಾರವೇ 1 ದೊಡ್ಡ ಚಮಚ. ಮೊದಲ ಸಲ ಕಾಲು ಅಳತೆಯಲ್ಲಿ ಮಾಡಿ, ಒಂದು ಸಣ್ಣ ಮೊಟ್ಟೆ ಸಾಕು.

ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ 90 ಡಿಗ್ರಿ ಸೆಲ್ಸಿಯಸ್‌ವರೆಗೆ, ಅಂದರೆ ಕುದಿ ಬರುವ ಮುಂಚಿನ ಹದಕ್ಕೆ, ಕಾಯಿಸಿ. ಗಿಣ್ಣನ್ನು ಪುಡಿ ಮಾಡಿ ಹಾಕಿ, ಸಣ್ಣ ಉರಿಯಲ್ಲಿ 10–15 ನಿಮಿಷ ತಿರುವಿ. ನೀರು ತಿಳಿಯಾಗಿ ಹಸಿರು ಛಾಯೆಯ ಹಳದಿಗೆ ತಿರುಗಿದಾಗ ಬಟ್ಟೆಯಲ್ಲಿ ಸೋಸಿ. ಅದೇ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಸೋಸಿದ್ದನ್ನು ಬಿಸಿಯಿರುವಾಗಲೇ ಹಾಕಿ. ಕಡೆದ ಮೊಟ್ಟೆ, ಉಪ್ಪು, ಕ್ಯಾರವೇ ಸೇರಿಸಿ. ಸುಮಾರು 70–75 ಡಿಗ್ರಿಯಲ್ಲಿ ಕೈ ಬಿಡದೆ ತಿರುವಿ. ಮುದ್ದೆ ಹೊಳಪಾಗಿ ಪಾತ್ರೆಯ ಅಂಚು ಬಿಡಲು ಶುರುವಾದರೆ ಇಳಿಸಿ. ಒದ್ದೆ ಬಟ್ಟೆಗೆ ಸುರಿದು, ನಾಲ್ಕು ಮೂಲೆ ಎಳೆದು ಗಂಟು ಹಾಕಿ, ದುಂಡಗೆ ಚಪ್ಪಟೆ ಮಾಡಿ, ಮೇಲೆ ಭಾರ ಇಡಿ. ತಣ್ಣಗಾದ ಮೇಲೆ ಫ್ರಿಜ್‌ನಲ್ಲಿ ಒಂದು ರಾತ್ರಿ.

ನೀರು ಬಿಡದೆ ಹಾಲಾಗಿಯೇ ಉಳಿದರೆ ಗಿಣ್ಣಿನಲ್ಲಿ ಹುಳಿ ಸಾಲದು ಎಂದರ್ಥ, ಅರ್ಧ ಲೋಟ ಹುಳಿ ಮಜ್ಜಿಗೆ ಹಾಕಿ. ಎರಡನೇ ಹಂತದಲ್ಲಿ ಉರಿ ಜಾಸ್ತಿಯಾದರೆ ಮೊಟ್ಟೆ ಬುರ್ಜಿಯಾಗುತ್ತದೆ, ಚೀಸ್ ಒಣಗಿ ಗಟ್ಟಿಯಾಗುತ್ತದೆ. ಊರಿನಲ್ಲೇ ಮಾಡುವವರು ಕಟ್ಟಿ ಬಸಿದ ಮೊಸರನ್ನು ನೇರವಾಗಿ ಹಾಕಬೇಡಿ, ಅದು ತೀರಾ ಜಿಡ್ಡು. ಮೊಸರನ್ನು ಸಣ್ಣ ಉರಿಯಲ್ಲಿ ಒಡೆಯುವವರೆಗೆ ಬಿಸಿ ಮಾಡಿ ಸೋಸಿ. ಒಂದು ಕೆಜಿ ಗಿಣ್ಣಿಗೆ ಐದಾರು ಲೀಟರ್ ಹಾಲಿನ ಮೊಸರು ಬೇಕು.

ಸಸ್ಯಾಹಾರಿಗಳಿಗೆ: ಹಾಲನ್ನು ಒಡೆಸುವುದು ಹುಳಿಯೇ ಆದ್ದರಿಂದ ಈ ವಿಧಾನಕ್ಕೆ ರೆನೆಟ್ (ಹಾಲು ಒಡೆಸಲು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆಯುವ ವಸ್ತು) ಬೇಕಿಲ್ಲ. ಕಾರ್ಖಾನೆಯ ಗಿಣ್ಣಿನಲ್ಲಿ ಇರಬಹುದು, ಲೇಬಲ್ ಓದಿ. ಮೊಟ್ಟೆ ಬಿಟ್ಟರೂ ಕಟ್ಟಿಕೊಳ್ಳುತ್ತದೆ, ಬಣ್ಣ ಮತ್ತು ನುಣುಪು ಕಡಿಮೆ.

ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು: ಮಗಳು ಚೀಸ್ ಮಾಡುವುದನ್ನು ಕಲಿಯಲಿ, ಅದನ್ನೇ ಉಡುಗೊರೆಯಾಗಿ ಹೊತ್ತೊಯ್ಯುವುದು ಬೇಡ. ಸಂಪ್ರದಾಯದಲ್ಲಿ ಚೀಸ್ ಕೊಡುವುದು ಮನೆಯೊಡತಿ, ಬಿಯರ್ ಕೊಡುವುದು ಮನೆಯೊಡೆಯ. ಬಂದವರು ಗಿಡಮೂಲಿಕೆ, ಹೂಗಳನ್ನು ತಂದು, ‘ಲೀಗೊ’ ಎಂಬ ಪಲ್ಲವಿಯ ಹಾಡು ಹೇಳಿ ಅದನ್ನು ಪಡೆಯುತ್ತಾರೆ. ಜೂನ್ 23ರ ಸಂಜೆ ಸೂರ್ಯ ಮುಳುಗುವ ಮೊದಲೇ ಬೆಂಕಿ ಹಚ್ಚಿ ಮರುದಿನ ಹುಟ್ಟುವವರೆಗೆ ಆರದಂತೆ ನೋಡಿಕೊಳ್ಳುತ್ತಾರೆ. ರಿಗಾದಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ 10.20ರ ಹೊತ್ತಿಗೆ, ಹುಟ್ಟುವುದು 4.30ಕ್ಕೆ. ಬೇಸಿಗೆ ಎಂದು ನಂಬಿ ತೆಳು ಬಟ್ಟೆಯಲ್ಲಿ ಹೋದರೆ ನಡುಗಬೇಕಾಗುತ್ತದೆ, ಸ್ವೆಟರ್ ಇರಲಿ.

ಹೆಂಗಸರಿಗೆ ಹೂವಿನ ಕಿರೀಟ, ಗಂಡಸರಿಗೆ ಓಕ್ ಎಲೆಯದು. ಡೈಸಿ, ಕಾರ್ನ್‌ಫ್ಲವರ್, ಕ್ಲೋವರ್ ಹೂಗಳನ್ನು ಉದ್ದ ತೊಟ್ಟಿನ ಸಮೇತ ಕೀಳಬೇಕು, ಗಿಡ್ಡ ತೊಟ್ಟು ಕಟ್ಟಲು ಬರುವುದಿಲ್ಲ. ಒಂದರ ತೊಟ್ಟಿನ ಮೇಲೆ ಇನ್ನೊಂದು ಬರುವಂತೆ ಇಟ್ಟು ದಾರ ಸುತ್ತುತ್ತಾ ಹೋಗಲಿ. ತಲೆಯ ಅಳತೆಗಿಂತ ಸ್ವಲ್ಪ ಸಡಿಲವಾಗಿಯೇ ಶುರು ಮಾಡಬೇಕು, ಹೂವು ದಪ್ಪಗಾದಂತೆ ಒಳಸುತ್ತು ಕಿರಿದಾಗುತ್ತದೆ.