ಎಸ್ಪೇರಿ: ಒಂದು ಭಾಷೆಯ ಹೆಸರಲ್ಲಿ ಕೂತ ಕ್ರಿಯಾಪದ

1887ರಲ್ಲಿ ವಾರ್ಸಾದಲ್ಲಿ ಒಂದು ತೆಳ್ಳನೆಯ ಪುಸ್ತಕ ಹೊರಬಂತು. ಹೊಸದೊಂದು ಭಾಷೆಯ ಪಾಠ ಅದರಲ್ಲಿತ್ತು. ಬರೆದವರು ಕಣ್ಣಿನ ಡಾಕ್ಟರ್ ಲುಡ್ವಿಕ್ ಜಾಮೆನ್‌ಹಾಫ್. ಆದರೆ ಪುಸ್ತಕದ ಮೇಲೆ ಹಾಕಿಕೊಂಡ ಹೆಸರು ಡಾಕ್ಟರ್ ಎಸ್ಪೆರಾಂಟೊ. ಆಮೇಲೆ ಜನ ಭಾಷೆಯನ್ನೇ ಆ ಹೆಸರಿನಿಂದ ಕರೆದರು. ಅದನ್ನು ಬಿಡಿಸಿದರೆ ಒಳಗೆ ಸಿಗುವುದು 'ಎಸ್ಪೇರಿ', ಅಂದರೆ ಭರವಸೆ ಇಡುವುದು.

ಕೊನೆಯ 'ಇ' ತೆಗೆದು 'ಅಸ್' ಹಚ್ಚಿದರೆ ಅದು ಈಗಿನ ಮಾತು: ಮಿ ಎಸ್ಪೇರಸ್, ನನಗೆ ಭರವಸೆ ಇದೆ. 'ಇಸ್' ಹಚ್ಚಿದರೆ ಹಿಂದಿನದು, 'ಒಸ್' ಹಚ್ಚಿದರೆ ಮುಂದಿನದು. 'ಎಸ್ಪೇರು' ಅಂದರೆ ಭರವಸೆ ಇಡು ಎಂದು ಹೇಳಿದಂತೆ. 'ಎಸ್ಪೇರುಸ್' ಅಂದರೆ ಹೀಗಾಗಿದ್ದರೆ ಭರವಸೆ ಇಡುತ್ತಿದ್ದೆ ಎಂಬ ಮಾತು. ನಾನು, ನೀನು, ಅವರು, ಯಾರಿಗಾದರೂ ಅದೇ ರೂಪ.

ನಮ್ಮಲ್ಲಿ ಹಾಗಲ್ಲ, ಅಲ್ವಾ? ಬಂದೆ, ಬಂದೆವು, ಬಂದಳು ಎಂದು ಆಳಿಗೊಂದು ರೂಪ. ನೋಡು 'ನೋಡಿದ' ಆದರೆ, ಕೊಡು 'ಕೊಟ್ಟ' ಆಗುತ್ತದೆ. ಒಳಗಿನಿಂದ ಅಮ್ಮ ಕರೆದರೆ, ಕೂತಲ್ಲಿಂದ ಏಳುವ ಮೊದಲೇ 'ಬಂದೆ' ಎನ್ನುತ್ತೇವೆ! ಕನ್ನಡದ ಈ ಸೊಗಸು ನನಗೆ ತುಂಬಾ ಇಷ್ಟ. ಆದರೆ ಹೊಸದಾಗಿ ಕಲಿಯುವವರ ಪಾಡು ಕಷ್ಟ. ಜಾಮೆನ್‌ಹಾಫ್ ಆ ಕಷ್ಟವನ್ನೇ ತೆಗೆಯಲು ಹೊರಟಿದ್ದರು. ಅವರ ಕ್ರಿಯಾಪದಗಳಲ್ಲಿ ನಿಯಮ ಮುರಿಯುವುದು ಒಂದೂ ಇಲ್ಲ.

ಇನ್ನೂ ಚೆಂದದ ವಿಷಯ ಎಂದರೆ, ಇ, ಅ, ಒ ಎಂಬ ಈ ಮೂರು ಸ್ವರಗಳು ಬೇರೆ ಕಡೆಯೂ ಅದೇ ಕೆಲಸ ಮಾಡುತ್ತವೆ. ನಾವು 'ಓದಿದವನು', 'ಓದುವವನು' ಎಂದು ಎರಡರಲ್ಲಿ ಸುಧಾರಿಸುತ್ತೇವೆ. ಅಲ್ಲಿ ಮೂರು. ಎಸ್ಪೆರಿಂಟೊ ಹಿಂದೆ ಭರವಸೆ ಇಟ್ಟಿದ್ದವನು. ಎಸ್ಪೆರೋಂಟೊ ಮುಂದೆ ಇಡಲಿರುವವನು. ಎಸ್ಪೆರಾಂಟೊ ಈಗ, ಈ ಹೊತ್ತಿನಲ್ಲಿ ಭರವಸೆ ಇಟ್ಟುಕೊಂಡಿರುವವನು. ಜಾಮೆನ್‌ಹಾಫ್ ತಮಗೆ ಆರಿಸಿಕೊಂಡದ್ದು ಈ ಕೊನೆಯದನ್ನು.

ಇಷ್ಟು ಸಲೀಸಾದ ಏರ್ಪಾಡಿನಲ್ಲೂ ಜಗಳ ಬಂತು. ಕಟ್ಟಿ ಮುಗಿದ ಮನೆಗೆ 'ಇಟ', ಕಟ್ಟುತ್ತಿರುವ ಮನೆಗೆ 'ಅಟ', ಇನ್ನು ಕಟ್ಟಬೇಕಾದ ಮನೆಗೆ 'ಒಟ' ಎಂಬ ಪ್ರತ್ಯಯ. ಹಾಗಾದರೆ 'ಈ ಮನೆಯನ್ನು ಇಂಥ ವರ್ಷ ಕಟ್ಟಲಾಯಿತು' ಎನ್ನುವಾಗ ಯಾವುದು? ಆ ವರ್ಷ ಕಟ್ಟುವ ಕೆಲಸ ನಡೆಯಿತು, ಹಾಗಾಗಿ 'ಅಟ' ಎಂದರು ಕೆಲವರು. ಕೆಲಸ ಮುಗಿಯಿತಲ್ಲ, 'ಇಟ' ಎಂದರು ಉಳಿದವರು. ವರ್ಷಗಟ್ಟಲೆ ವಾದ ನಡೆಯಿತು. ಕೊನೆಗೆ 1967ರಲ್ಲಿ ಎಸ್ಪೆರಾಂಟೊ ಅಕಾಡೆಮಿ 'ಇಟ' ಪಕ್ಷದ ಕಡೆ ನಿಂತಿತು.